ಇಗರ್ಜಿಯ ಬಾಗಿಲಲ್ಲಿ ನಿಂತ ಗುಮಟೆ

ಶರಾವತಿಯು ಕಡಲನ್ನು ಕೂಡುವ ಹೊನ್ನಾವರದಿಂದ ಬಡಗಲಿಗೆ ಕುಮಟೆಯವರೆಗೂ ತೆಂಕಲಿಗೆ ಭಟ್ಕಳದವರೆಗೂ ಹಬ್ಬಿರುವ ಸೀಮೆ ವಾದ್ಯಗಳ ಸೀಮೆ. ಬಡಗುತಿಟ್ಟಿನ ಚಂಡೆ ಮದ್ದಳೆಗಳ ಸದ್ದು ಇಲ್ಲಿಯ ಮಕ್ಕಳಿಗೆ ತೊಟ್ಟಿಲಿನಿಂದಲೇ ಪರಿಚಿತ. ದೇವರ ಪಲ್ಲಕ್ಕಿ ಹೊರಟಿತೆಂದರೆ ಪಂಚವಾದ್ಯ ಮುಂದಾಗುವುದು. ಸುಗ್ಗಿ ಬಂದಿತೆಂದರೆ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಗುಮಟೆ ಪಾಂಗು ಮೊದಲಾಗುವುದು. ಸದ್ದಿಲ್ಲದೆ ದೇವರನ್ನು ಕರೆಯುವ ಪದ್ಧತಿಯೇ ಇಲ್ಲಿಯ ಜನರಿಗೆ ಇದ್ದಂತಿಲ್ಲ.

ಇಂಥ ಸೀಮೆಯ ಇಗರ್ಜಿಗಳಲ್ಲಿ ಯಾವ ವಾದ್ಯ ನುಡಿಯಬೇಕು, ಅದನ್ನು ಯಾರು ನುಡಿಸಬೇಕು, ಹೇಗೆ ನುಡಿಸಬೇಕು ಎಂಬುದನ್ನು ಈ ವಾರ ವಿಚಾರಿಸೋಣ. ಕ್ರೈಸ್ತರ ಪೂಜೆಯ ಸಂಗತಿ ನಮಗೇಕೆ ಎಂದು ಉಳಿದ ಓದುಗರು ಪುಟ ಮಗುಚದಿರಲಿ. ಭಜನೆಯ ಮಂಟಪದಲ್ಲಿಯೂ ಈಗ ನಡೆಯುತ್ತಿರುವುದು ಹೆಚ್ಚುಕಡಿಮೆ ಇದೇ ಕಥೆ.

ಕಥೆಯೆಂದರೆ, ಯಂತ್ರವು ಮನುಷ್ಯನ ಜಾಗದಲ್ಲಿ ಬಂದು ಕುಳಿತ ಕಥೆ. ಹಿಂದೆ ತಿದಿಯ ಹಾರ್ಮೋನಿಯಮ್ಮೋ ಪಿಟೀಲೋ ಇದ್ದೆಡೆಯಲ್ಲಿ ಈಗ ಕೀಬೋರ್ಡು ಬಂದಿದೆ. ಅದರಿಂದ ದೋಷವೇನೂ ಇಲ್ಲ. ಒಳ್ಳೆಯ ಕೈಗೆ ಸಿಕ್ಕರೆ ಅದೂ ಒಳ್ಳೆಯ ವಾದ್ಯವೇ. ಆದರೆ ಅದರೊಳಗೆ ಒಂದು ಗುಂಡಿ ಉಂಟು. ಒತ್ತಿದೊಡನೆ ತಮಟೆ, ತಾಳ, ತಂತಿವಾದ್ಯಗಳೆಲ್ಲ ತಾವೇ ಬಾರಿಸಿಕೊಂಡು ಹೊರಡುತ್ತವೆ. ಬಾರಿಸುವವನ ಕೈಗೆ ಆಮೇಲೆ ಅಷ್ಟಾಗಿ ಕೆಲಸವಿಲ್ಲ. ಇದರ ಮುಂದಿನ ಹೆಜ್ಜೆ ಇನ್ನೂ ಸುಲಭ: ಹಾಡಿನ ಹಿನ್ನೆಲೆಯನ್ನು ಎಲ್ಲಿಯೋ ಯಾರೋ ನುಡಿಸಿ ಮುದ್ರಿಸಿದ್ದನ್ನು ಮೊಬೈಲಿನಲ್ಲಿ ತಂದು ಧ್ವನಿವರ್ಧಕಕ್ಕೆ ಜೋಡಿಸಿದರೆ ಆಯಿತು. ಮುಂದೆ ನಿಂತ ನಾಲ್ವರು ಹಾಡುತ್ತಾರೆ, ಹಿಂದೆ ಕುಳಿತ ನಾನೂರು ಮಂದಿ ಕೇಳುತ್ತಾರೆ.

ಆ ನಾನೂರು ಮಂದಿಯ ಮೌನವೇ ನಮ್ಮ ವಿಷಯ. ಅವರು ಹಾಡಲಾರದ ಜನರಲ್ಲ. ಮದುವೆಯ ಮುನ್ನಾ ದಿನ ತೆಂಗಿನ ಹಾಲೆರೆಯುವ ‘ರೋಸ್’ ಶಾಸ್ತ್ರಕ್ಕೆ ಅದೇ ಹೆಂಗಸರು ಸೇರಿದರೆ ಪುಸ್ತಕವಿಲ್ಲದೆ ಹಾಡುತ್ತಾರೆ. ಇಗರ್ಜಿಯಲ್ಲಿ ಅವರ ಬಾಯಿ ಕಟ್ಟಿದ್ದೇಕೆ? ಯಂತ್ರವು ಕಾಯುವುದಿಲ್ಲ. ಅರುವತ್ತು ದಾಟಿದ ಅಜ್ಜಿಗೆ ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ಬೇಕು. ಮುದ್ರಿತವಾದ ಹಿನ್ನೆಲೆ ಆ ಕ್ಷಣವನ್ನು ಕೊಡದು, ಆಕೆ ಉಸಿರೆಳೆಯುವಷ್ಟರಲ್ಲಿ ಮುಂದಿನ ಸಾಲಿಗೆ ಹೋಗಿರುತ್ತದೆ. ಶ್ರುತಿಯದೂ ಹಾಗೆಯೇ. ಅಭ್ಯಾಸ ಮಾಡಿದ ಎಳೆಯ ಕೊರಳಿಗೆ ಒಪ್ಪುವ ಶ್ರುತಿ ಬೆಳಗಿನ ಆರೂವರೆಯ ಪೂಜೆಗೆ ಬಂದ ಮೀನುಗಾರನ ಕೊರಳಿಗೆ ಎಟುಕುವುದಿಲ್ಲ. ಜೀವಂತ ವಾದ್ಯಗಾರನಾದರೆ ಮೊದಲ ಸಾಲಿನಲ್ಲಿಯೇ ಅದನ್ನು ಕೇಳಿಸಿಕೊಂಡು ಎರಡನೆಯ ಚರಣಕ್ಕೆ ಒಂದು ಮನೆ ಕೆಳಗಿಳಿಯುತ್ತಾನೆ. ಕೇಳಿಸಿಕೊಳ್ಳುವುದು ಯಂತ್ರಕ್ಕೆ ಬಾರದ ವಿದ್ಯೆ.

ವಿಚಿತ್ರವೆಂದರೆ ಈ ಮಾತನ್ನು ರೋಮಿನ ಅಧಿಕಾರಿಗಳು ಕೀಬೋರ್ಡು ಹುಟ್ಟುವ ಮೊದಲೇ ಆಡಿದ್ದರು. 1958ರ ಸೆಪ್ಟೆಂಬರಿನಲ್ಲಿ ಹೊರಟ ಒಂದು ಆದೇಶವು ಗ್ರಾಮಫೋನು, ರೇಡಿಯೋ, ಟೇಪು ಮೊದಲಾದ ತಾನಾಗಿ ನುಡಿಯುವ ಯಂತ್ರಗಳನ್ನು ಪೂಜಾವಿಧಿಯಲ್ಲಿ ಬಳಸಲೇಕೂಡದೆಂದು ಕಟ್ಟಪ್ಪಣೆ ಮಾಡಿತ್ತು. ಪೂಜೆಯನ್ನು ಮುದ್ರಿಸಿಟ್ಟು ನಡೆಸಲು ಬಾರದಿದ್ದರೆ ಅದರ ಹಾಡನ್ನಾದರೂ ಹಾಗೆ ನಡೆಸಬಹುದೆ? ತರ್ಕ ಸರಳವಾದುದು. ಆದರೆ ಸರಳವಾದ ತರ್ಕವನ್ನು ಅಗ್ಗವಾದ ಯಂತ್ರ ಸೋಲಿಸುವುದು ಹೊಸದಲ್ಲ.

ವಾದ್ಯಗಳ ವಿಷಯದಲ್ಲಿ ರೋಮಿನ ಮನಸ್ಸು ಮೊದಲು ಬಹಳ ಬಿಗಿಯಾಗಿತ್ತು. 1903ರಲ್ಲಿ ಹತ್ತನೆಯ ಪಿಯುಸ್ ಪೋಪರು ಪಿಯಾನೋವನ್ನೂ ಡೋಲು ತಾಳಗಳಂಥ ಗದ್ದಲದ ವಾದ್ಯಗಳನ್ನೂ ಇಗರ್ಜಿಯೊಳಗೆ ನಿಷೇಧಿಸಿದ್ದರು. ಅರುವತ್ತು ವರ್ಷಗಳ ಮೇಲೆ, 1963ರ ಡಿಸೆಂಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆ ತನ್ನ ಪೂಜಾವಿಧಿಯ ಶಾಸನವನ್ನು ಹೊರಡಿಸಿದಾಗ ಗಾಳಿ ತಿರುಗಿತು. ಕೊಳವೆಯ ಆರ್ಗನ್ನಿಗೆ ಅಗ್ರಮರ್ಯಾದೆ ಉಳಿಯಿತು, ನಿಜ. ಆದರೆ ಆಯಾ ನಾಡಿನ ಜನರ ಸಂಗೀತ ಪರಂಪರೆಗೆ ತಕ್ಕ ಸ್ಥಾನ ಸಲ್ಲಬೇಕೆಂದೂ, ಪವಿತ್ರವಾದ ಉಪಯೋಗಕ್ಕೆ ಒಪ್ಪುವ ಬೇರೆ ವಾದ್ಯಗಳನ್ನು ಆಯಾ ಪ್ರಾಂತದ ಧರ್ಮಾಧಿಕಾರಿಗಳ ಒಪ್ಪಿಗೆಯಿಂದ ತರಬಹುದೆಂದೂ ಬರೆದರು. ಬಾಗಿಲು ತೆರೆದದ್ದು ಆಗ. ಗುಮಟೆ ಇನ್ನೂ ಆ ಬಾಗಿಲಲ್ಲಿಯೇ ನಿಂತಂತಿದೆ.

ಗುಮಟೆಯನ್ನು ಕಾಣದ ಓದುಗರಿಗಾಗಿ ಎರಡು ಮಾತು. ಅದು ಕುಂಬಾರನು ಮಾಡಿದ ಮಣ್ಣಿನ ಪಾತ್ರೆ, ಎರಡು ಬಾಯಿ. ಅಗಲವಾದ ಬಾಯಿಗೆ ತೊಗಲು ಬಿಗಿದಿರುತ್ತದೆ, ಕಿರಿದಾದ ಬಾಯಿ ತೆರೆದಿರುತ್ತದೆ. ಕೊರಳಿಗೆ ತೂಗುಹಾಕಿಕೊಂಡೋ ತೊಡೆಯ ಮೇಲಿಟ್ಟುಕೊಂಡೋ ಬಲಗೈಯಿಂದ ತೊಗಲನ್ನು ಬಾರಿಸುತ್ತ ಎಡಗೈಯಿಂದ ಕಿರುಬಾಯಿಯನ್ನು ಮುಚ್ಚಿ ತೆರೆಯುತ್ತಾರೆ. ಮುಚ್ಚಿದಾಗ ಒಂದು ದನಿ, ತೆರೆದಾಗ ಒಂದು ದನಿ, ನಡುವೆ ಅಂಗೈ ಜಾರಿಸಿದರೆ ಮಡಕೆಯೇ ನರಳಿದಂಥ ಮೂರನೆಯದೊಂದು ದನಿ. ಚಂಡೆಯಂತೆ ಅದು ಊರಾಚೆಗೆ ಕೇಳುವುದಿಲ್ಲ. ಹಾಡುವವರ ಕೊರಳನ್ನು ಮುಳುಗಿಸುವ ಶಕ್ತಿಯೇ ಅದಕ್ಕಿಲ್ಲ. ಪೂಜೆಗೆ ಇದಕ್ಕಿಂತ ದೊಡ್ಡ ಅರ್ಹತೆ ಯಾವುದು ಬೇಕು?

ಈ ಮಡಕೆ ಯಾರದು ಎಂದು ಕೇಳಿದರೆ ಕರಾವಳಿಯವರು ಒಂದೇ ಉತ್ತರ ಕೊಡಲಾರರು. ಹಾಲಕ್ಕಿಗಳದು, ಕುಡುಬಿಗಳದು, ಕೊಂಕಣಿ ಕ್ರೈಸ್ತರದು. ಗೋವೆಯ ಹಿಂದೂ ಮನೆಗಳಲ್ಲಿ ಗಣೇಶನ ಚೌತಿಗೆ ಆರತಿಯ ಹಾಡು ನಡೆಯುವುದು ಇದೇ ಘುಮಟದ ಮೇಲೆ. 2019ರಲ್ಲಿ ಗೋವೆಯ ಸರಕಾರ ಇದನ್ನು ರಾಜ್ಯದ ಪರಂಪರೆಯ ವಾದ್ಯವೆಂದು ಸಾರಿತು. ಮಂಗಳೂರಿನಲ್ಲಿ 1986ರಲ್ಲಿ ಹುಟ್ಟಿದ ‘ಮಾಂಡ್ ಸೊಭಾಣ್’ ಸಂಸ್ಥೆಯವರು ಕೊಂಕಣಿಯ ಹಳೆಯ ಹಾಡು ಕುಣಿತಗಳೊಂದಿಗೆ ಗುಮಟೆಗೂ ವೇದಿಕೆಯ ಗೌರವ ತಂದರು. ವೇದಿಕೆ ದೊರೆಯಿತು, ಪೂಜಾಮಂದಿರದ ಒಳಗಿನ ಮಾತೇ ಬೇರೆ.

ಏಕೆ ಬೇರೆಯಾಯಿತೆಂದು ತಿಳಿಯಬೇಕಾದರೆ ಇಗರ್ಜಿಯ ಹಾಡು ಈ ದಂಡೆಗೆ ಬಂದ ಬಗೆಯನ್ನು ತುಸು ನೋಡಬೇಕು. ಪೋರ್ಚುಗೀಸರು ಹೊನ್ನಾವರದ ಕೋಟೆಯನ್ನು ಹಿಡಿದದ್ದು 1569ರಲ್ಲಿ. ಮುಂದೆ 1678ರಲ್ಲಿ ಕೆಳದಿಯವರೊಡನೆ ಆದ ಒಪ್ಪಂದದಂತೆ ಮಿರ್ಜಾನ, ಚಂದಾವರ, ಭಟ್ಕಳ ಮೊದಲಾದೆಡೆ ಇಗರ್ಜಿ ಕಟ್ಟಲು ಅವರಿಗೆ ಅವಕಾಶ ದೊರೆಯಿತು. ಪಾದ್ರಿಗಳ ಬೆನ್ನಿಗೆ ಹಾಡೂ ಗೋವೆಯಿಂದಲೇ ಬಂದಿತು. ಗೋವೆಯಲ್ಲಿ ಇಗರ್ಜಿಗೊಂದು ಪಾಠಶಾಲೆ, ಪಾಠಶಾಲೆಗೊಬ್ಬ ‘ಮೆಸ್ತ್ರಿ’; ಅವನು ಮಕ್ಕಳಿಗೆ ಸ್ವರಲಿಪಿ ಓದಿಸಿ ಪಿಟೀಲು ಹಿಡಿಯಲು ಕಲಿಸುವನು. ಪಾಶ್ಚಾತ್ಯ ಸಂಗೀತ ನಮ್ಮ ದೇಶದಲ್ಲಿ ಬೇರುಬಿಟ್ಟದ್ದು ಹೀಗೆ ಹಳ್ಳಿಯ ಮಕ್ಕಳ ಕೈಯಲ್ಲಿ. ಇದು ಸಣ್ಣ ಸಾಧನೆಯಲ್ಲ. ಇದನ್ನು ಪರಕೀಯವೆಂದು ಹೀಗಳೆಯುವುದು ನ್ಯಾಯವೂ ಅಲ್ಲ. ನಾಲ್ಕು ಶತಮಾನ ಹಾಡಿದ್ದು ಪರಕೀಯವಾಗಿ ಹೇಗೆ ಉಳಿದೀತು?

ಆದರೆ ಅದೇ ಗೋವೆಯಲ್ಲಿ ಧರ್ಮವಿಚಾರಣೆಯ ನ್ಯಾಯಪೀಠವು 1736ರಲ್ಲಿ ಕ್ರೈಸ್ತರ ಮನೆಯ ದೇಶೀ ಪದ್ಧತಿಗಳನ್ನು ನಿಷೇಧಿಸಿ ಹೊರಡಿಸಿದ ಆಜ್ಞೆಯಲ್ಲಿ ಮದುವೆಯ ‘ವೊವಿಯೊ’ ಹಾಡುಗಳೂ ಸೇರಿದ್ದವು. ಆಜ್ಞೆ ಬಂದಿತು; ಹಾಡು ಹೋಗಲಿಲ್ಲ. ಮನೆಯ ಅಂಗಳದಲ್ಲಿ ಅದು ಇಂದಿಗೂ ಉಂಟು. ಹೀಗೆ ಒಂದೇ ಜನಕ್ಕೆ ಎರಡು ಕಿವಿಗಳಾದವು: ಇಗರ್ಜಿಗೊಂದು, ಅಂಗಳಕ್ಕೊಂದು. ಮುಂದೆ 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಿಸಿದಾಗ, ಇಗರ್ಜಿಗಳು ಉರುಳಿದಾಗ, 1799ರಲ್ಲಿ ಅಳಿದುಳಿದವರು ಮರಳುವವರೆಗೆ ಅವರ ಪಾಲಿಗೆ ಉಳಿದ ಹಾಡು ಬಾಯಿಪಾಠದ ಹಾಡೇ ಆಗಿದ್ದಿರಬೇಕು. ಸೆರೆಯವರಿಗೆ ಆರ್ಗನ್ನನ್ನು ಯಾರು ಹೊತ್ತು ತಂದುಕೊಡುತ್ತಾರೆ?

ಮಹಾಸಭೆಯ ಅನಂತರ ನಮ್ಮ ದೇಶದಲ್ಲಿ ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. 1967ರಲ್ಲಿ ಬೆಂಗಳೂರಿನಲ್ಲಿ ಅಮಲೋರ್ಪವದಾಸರು ಆರಂಭಿಸಿದ ರಾಷ್ಟ್ರೀಯ ಕೇಂದ್ರವು ಪೂಜಾವಿಧಿಗೆ ಭಾರತೀಯ ರೂಪ ಕೊಡುವ ಕೆಲಸದ ಮುಂಚೂಣಿಯಲ್ಲಿ ನಿಂತಿತು. 1969ರ ಏಪ್ರಿಲಿನಲ್ಲಿ ರೋಮು ಹನ್ನೆರಡು ಅಂಶಗಳಿಗೆ ಒಪ್ಪಿಗೆ ನೀಡಿತು. ಆರತಿ, ಕೈಮುಗಿದು ವಂದಿಸುವುದು, ನೆಲದ ಮೇಲೆ ಕುಳಿತು ಪೂಜೆಯಲ್ಲಿ ಭಾಗಿಯಾಗುವುದು, ಎಣ್ಣೆಯ ದೀಪ, ಇವೆಲ್ಲ ಹೀಗೆ ಒಳಬಂದವು. ಅವುಗಳ ಜೊತೆಗೆ ಹಾರ್ಮೋನಿಯಂ ತಬಲೆಗಳ ಭಜನೆಯೂ ಬಂದಿತು.

ಇಲ್ಲಿ ನನ್ನದೊಂದು ತಕರಾರು. ಭಾರತೀಯವೆಂದರೆ ಭಜನೆ, ಭಜನೆಯೆಂದರೆ ಹಾರ್ಮೋನಿಯಂ ತಬಲೆ ಎಂದು ಯಾರೋ ತೀರ್ಮಾನಿಸಿಬಿಟ್ಟರು. ಕುಮಟೆಯ ಬೆಸ್ತರ ಕೇರಿಯ ಕ್ರೈಸ್ತನಿಗೆ ಉತ್ತರ ಹಿಂದೂಸ್ಥಾನದ ತಬಲೆಯೂ ನೆಂಟನೇ, ಜರ್ಮನಿಯ ಆರ್ಗನ್ನೂ ನೆಂಟನೇ. ಹಾರ್ಮೋನಿಯಮ್ಮಿನ ಚರಿತ್ರೆಯಂತೂ ನಗು ಬರಿಸುವಂಥದು. 1842ರಲ್ಲಿ ಪ್ಯಾರಿಸಿನಲ್ಲಿ ಸನ್ನದು ಪಡೆದ ಪೆಟ್ಟಿಗೆ. ಮಿಷನರಿಗಳ ಸಾಮಾನಿನೊಡನೆ ಹಡಗಿಳಿದು, ಕಾಲಿನ ತಿದಿಯನ್ನು ಕಲಕತ್ತೆಯಲ್ಲಿ ಕೈಗೆ ಬದಲಿಸಿಕೊಂಡು, ನಾಟಕ ಕಂಪನಿಗಳನ್ನೂ ಕೀರ್ತನಕಾರರನ್ನೂ ಸೇರಿತು. 1940ರಲ್ಲಿ ಆಕಾಶವಾಣಿ ಅದನ್ನು ಭಾರತೀಯವಲ್ಲವೆಂದು ಹೊರಗಿಟ್ಟು ಮೂರು ದಶಕ ಬಾಗಿಲು ಹಾಕಿತ್ತು. ಅದೇ ಪೆಟ್ಟಿಗೆ ಈಗ ಭಾರತೀಯತೆಯ ಗುರುತಾಗಿ ಇಗರ್ಜಿಗೆ ಮರಳಿದೆ! ಇದನ್ನು ದೂಷಣೆಗಾಗಿ ಹೇಳುತ್ತಿಲ್ಲ. ವಾದ್ಯವು ಹುಟ್ಟಿನಿಂದ ಯಾವ ಜಾತಿಯದೂ ಅಲ್ಲ, ಬಳಸಿದವರ ಜಾತಿಯನ್ನೇ ಅದು ಸೇರುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ. ಹಾರ್ಮೋನಿಯಮ್ಮಿಗೆ ದೊರೆತ ಈ ಭಾಗ್ಯ ನೆರೆಮನೆಯ ಗುಮಟೆಗೆ ಏಕಿಲ್ಲ?

ಕನ್ನಡದಲ್ಲಿ ಹಾಡುವ ಪ್ರಾಟೆಸ್ಟೆಂಟರ ಪಾಡು ಬೇರೊಂದು ರೀತಿಯದು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಮುಂದಿನ ದಶಕದಲ್ಲಿ ಹೊನ್ನಾವರದಲ್ಲಿಯೂ ಕೇಂದ್ರ ತೆರೆದರು. ಅವರು ತಂದುದು ಜರ್ಮನಿಯ ಗಂಭೀರವಾದ ಸಾಮೂಹಿಕ ಗೀತೆಗಳ ಧಾಟಿ. ಧಾಟಿ ಅಲ್ಲಿಯದು, ಮಾತು ಇಲ್ಲಿಯದು. ಅಲ್ಲಿಯ ಅನೇಕ ಧಾಟಿಗಳು ಪೆಟ್ಟಿಗೆ ಮುಂಚಿನ ಒಂದು ಸಡಿಲವಾದ ಸ್ವರದಿಂದ ಆರಂಭವಾಗುತ್ತವೆ. ಅವರ ಭಾಷೆಯಲ್ಲಿ ನಾಮಪದದ ಮುಂದೆ ಸಣ್ಣದೊಂದು ಮಾತು ಬರುವುದರಿಂದ ಅದು ಹೊಂದುತ್ತದೆ. ಕನ್ನಡದ ಮಾತಿಗಾದರೋ ಬಲವೆಲ್ಲ ಮೊದಲಕ್ಷರದಲ್ಲಿ. ಆ ಅಕ್ಷರ ಸಡಿಲ ಸ್ವರದ ಪಾಲಾಗಿ ಎರಡನೆಯದರ ಮೇಲೆ ಪೆಟ್ಟು ಬಿದ್ದರೆ ‘ದೇವರು’ ಎಂಬ ಮಾತು ‘ದೆವಾರು’ ಎಂದು ಕೇಳಿಸುತ್ತದೆ. ಹಾಡಿ ಹಾಡಿ ರೂಢಿಯಾದವರಿಗೆ ಇದು ತಿಳಿಯುವುದೂ ಇಲ್ಲ.

ಇದನ್ನು ತಿಳಿದ ಒಬ್ಬ ಪಾದ್ರಿ ಇದ್ದರು: ನಮ್ಮ ನಿಘಂಟಿನ ಕಿಟ್ಟೆಲರು. 1894ರ ನಿಘಂಟನ್ನು ಎಲ್ಲರೂ ಬಲ್ಲರು. 1862ರಲ್ಲಿ ಅವರು ಕ್ರಿಸ್ತನ ಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ‘ಕಥಾಮಾಲೆ’ ಎಂದು ಕಟ್ಟಿದ್ದನ್ನು ಬಲ್ಲವರು ಕಡಿಮೆ. ಮುಂದೆ 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನು ಸಂಪಾದಿಸಿದವರೂ ಅವರೇ. ಜರ್ಮನಿಯಿಂದ ಬಂದವರೊಬ್ಬರಿಗೆ ಗುರು ಲಘುಗಳ ಲೆಕ್ಕ ಹಿಡಿದು ಹಾಡಬೇಕೆಂದು ತೋರಿತು; ನಮ್ಮವರಿಗೆ ಅಂತರ್ಜಾಲದಲ್ಲಿ ದೊರೆಯುವ ಅಮೆರಿಕದ ಧಾಟಿಗೆ ಕನ್ನಡದ ಮಾತನ್ನು ತುರುಕಬೇಕೆಂದು ತೋರುತ್ತಿದೆ. ಕಾಲಮಹಿಮೆ!

ಸರಿ, ಗುಮಟೆಯನ್ನು ಒಳಗೆ ಕರೆದರೆ ಅದು ಮಾಡಬೇಕಾದ್ದೇನು? ಮೊದಲನೆಯ ಮಾತು, ಎಲ್ಲಕ್ಕೂ ಬಾರಿಸಕೂಡದು. ಕೆಥೋಲಿಕರ ಪೂಜೆಯಲ್ಲಿ ಗುರುವು ತನ್ನ ಪಾಲಿನ ಪ್ರಾರ್ಥನೆಯನ್ನು ನುಡಿಯುವಾಗ ವಾದ್ಯಗಳು ಸುಮ್ಮನಿರಬೇಕೆಂದು 1967ರ ಮಾರ್ಚಿನ ಆದೇಶವೇ ಹೇಳುತ್ತದೆ. ತಪಸ್ಸುಕಾಲದಲ್ಲಿ ವಾದ್ಯವನ್ನು ಮಾತ್ರ ಪ್ರತ್ಯೇಕವಾಗಿ ನುಡಿಸುವಂತಿಲ್ಲ. ಪವಿತ್ರ ಗುರುವಾರದಿಂದ ಈಸ್ಟರಿನ ಇರುಳಿನವರೆಗೆ ಗಂಟೆಯೂ ಮೂಕ. ಅದರ ಬದಲಿಗೆ ಮರದ ಕಟಕಟೆಯ ಒಣ ಸದ್ದು. ಆ ಮೂರು ದಿನದ ಬರವನ್ನು ಅನುಭವಿಸಿದ ಕಿವಿಗೆ ಈಸ್ಟರಿನ ಇರುಳು ಮೊದಲ ಗಂಟೆ ಕೇಳಿದಾಗ ಆಗುವ ಹರ್ಷವನ್ನು ಯಾವ ಧ್ವನಿವರ್ಧಕವೂ ತರಲಾರದು. ವರ್ಷವಿಡೀ ಗುಂಡಿಯೊತ್ತಿ ತಮಟೆ ಹೊಡೆಸಿದವರು ಈ ಹರ್ಷವನ್ನು ತಾವೇ ಮಾರಿಕೊಂಡಂತೆ.

ಗುಮಟೆಗೆ ಒಪ್ಪುವ ತಾಣಗಳು ಮೂರು ನಾಲ್ಕು. ಜನರೂ ಗುರುವೂ ಒಳಬರುವ ಮೆರವಣಿಗೆ, ಕಾಣಿಕೆಗಳನ್ನು ಪೀಠದ ಕಡೆಗೆ ಒಯ್ಯುವಾಗ, ಕೊನೆಯ ಸ್ತುತಿ. ಎಲ್ಲಕ್ಕಿಂತ ಸಹಜವಾದದ್ದು ಸೆಪ್ಟೆಂಬರ್ 8ರ ಮೊಂತಿ ಹಬ್ಬ. ಅಂದು ಮಕ್ಕಳು ಹೂವೆರಚುತ್ತಾರೆ, ಹೊಸ ಭತ್ತದ ತೆನೆಗೆ ಆಶೀರ್ವಾದವಾಗುತ್ತದೆ, ಮನೆಯಲ್ಲಿ ಹೊಸತಿನ ಊಟ. ನೆಲದ ಬೆಳೆ ಒಳಗೆ ಹೋಗುವ ದಿನ ನೆಲದ ಮಣ್ಣಿನಿಂದ ಮಾಡಿದ ವಾದ್ಯ ಹೊರಗೇಕೆ ನಿಲ್ಲಬೇಕು? ಹೊನ್ನಾವರ ಕುಮಟೆಗಳ ನಡುವಿನ ಚಂದಾವರದಲ್ಲಿ ಡಿಸೆಂಬರ್ 3ರಂದು ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಎಲ್ಲ ಮತದವರೂ ನೆರೆಯುತ್ತಾರೆ. ಅಲ್ಲಿ ಗುಮಟೆ ನುಡಿದರೆ ಪಕ್ಕದ ಕೊಪ್ಪದ ಹಾಲಕ್ಕಿಗೂ ಅದರ ಮಾತು ತಿಳಿದೀತು.

ಎರಡನೆಯ ಮಾತು, ಮುಂದಾಳು ಯಾರೆಂಬುದು. ಯಕ್ಷಗಾನದ ಭಾಗವತನನ್ನು ನೋಡಿ. ಚಂಡೆಯೂ ಮದ್ದಳೆಯೂ ಅವನ ಕಡೆಗೆ ಒಂದು ಕಣ್ಣನ್ನೂ ವೇಷಧಾರಿಯ ಹೆಜ್ಜೆಯ ಕಡೆಗೆ ಇನ್ನೊಂದನ್ನೂ ಇಟ್ಟಿರುತ್ತವೆ. ವೇಷಧಾರಿ ದಣಿದನೆಂದು ಕಂಡರೆ ಕಾಲ ಇಳಿಯುತ್ತದೆ, ಹುರುಪುಗೊಂಡನೆಂದರೆ ಏರುತ್ತದೆ. ಇಗರ್ಜಿಯಲ್ಲಿ ವೇಷಧಾರಿಯ ಸ್ಥಾನ ನೆರೆದ ಜನರದು. ಗಾಯನ ಮಂಡಳಿ ಆ ಜನರ ಬೆನ್ನಿಗೆ ನಿಲ್ಲಬೇಕೇ ಹೊರತು ಎದುರಿಗೆ ನಿಂತು ಕಚೇರಿ ನಡೆಸತಕ್ಕದ್ದಲ್ಲ. ಚೆನ್ನಾಗಿ ಬಲ್ಲ ವಾದ್ಯಗಾರನು ನಾಲ್ಕು ಚರಣದ ಹಾಡಿನಲ್ಲಿ ಮೂರನೆಯದಕ್ಕೆ ಕೈ ತೆಗೆದುಬಿಡುತ್ತಾನೆ. ಏನೂ ಇಲ್ಲದ ಆ ಒಂದು ಚರಣದಲ್ಲಿ ಜನರಿಗೆ ತಮ್ಮ ದನಿ ತಮಗೇ ಕೇಳಿಸುತ್ತದೆ. ಕೇಳಿಸಿದ ಮೇಲೆ ನಾಲ್ಕನೆಯದನ್ನು ಅವರು ಬೇರೆಯೇ ರೀತಿ ಹಾಡುತ್ತಾರೆ. ಖರ್ಚಿಲ್ಲದ ಉಪಾಯ.

ಆಕ್ಷೇಪವೂ ಉಂಟು, ಅದು ಹಗುರವಾದುದೂ ಅಲ್ಲ. ಹಿರಿಯರು ಹೇಳುವುದುಂಟು: ಗುಮಟೆ ಮದುವೆಯ ಮನೆಯದು, ಸೆರೆಯ ಬಟ್ಟಲಿನ ನೆರೆಯದು, ದೇವರ ಮುಂದೆ ಅದು ಸಲ್ಲದು. ಜನರ ಸಾಮಾನ್ಯ ಭಾವನೆಯಲ್ಲಿ ಲೌಕಿಕಕ್ಕೆ ಮಾತ್ರ ಸಲ್ಲುವ ವಾದ್ಯಗಳು ಪೂಜೆಗೆ ಬೇಡವೆಂದು 1967ರ ಅದೇ ಆದೇಶದಲ್ಲಿಯೂ ಇದೆ. ಆದರೆ ಯಾವ ಜನರ ಭಾವನೆ? ಗೋವೆಯ ಹಿಂದೂಗಳಿಗೆ ಅದೇ ವಾದ್ಯ ಆರತಿಯದು. ಇಗರ್ಜಿಯಲ್ಲಿ ಮಾನ್ಯವಾದ ಪಿಟೀಲೂ ಯೂರೋಪಿನಲ್ಲಿ ಕುಣಿತದ ಮನೆಯಿಂದಲೇ ಎದ್ದುಬಂದದ್ದು. ಆದರೂ ಹಿರಿಯರ ಮನಸ್ಸನ್ನು ನೋಯಿಸಿ ಹಟದಿಂದ ತರುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕಿಂತ ಕೆಟ್ಟದ್ದು ‘ಸಂಸ್ಕೃತಿ ದಿನ’ವೆಂದು ವರ್ಷಕ್ಕೊಮ್ಮೆ ಮಕ್ಕಳಿಗೆ ಕಚ್ಚೆ ಉಡಿಸಿ, ಗುಮಟೆ ಹಿಡಿಸಿ, ಫೋಟೋ ತೆಗೆಸಿ, ಮರುದಿನ ಅಟ್ಟಕ್ಕೆ ಹಾಕುವುದು. 1976ರಲ್ಲಿ ಬೆಳಗಾವಿಯಿಂದ ಬೇರೆಯಾದ ಕಾರವಾರ ಧರ್ಮಪ್ರಾಂತದಲ್ಲಿ ಈ ಮೂರು ತಾಲೂಕುಗಳಷ್ಟೇ ಇಲ್ಲ. ಘಟ್ಟದ ಮೇಲೆ ಹಳಿಯಾಳದ ಸಿದ್ದಿ ಕ್ರೈಸ್ತರೂ ಅವರ ಡಮಾಮಿಯೂ ಉಂಟು. ಅವರನ್ನು ವೇದಿಕೆಗೆ ಕರೆದು ಕುಣಿಸಿ ಚಪ್ಪಾಳೆ ತಟ್ಟುವವರು ಅನೇಕರು. ಪೂಜೆಯ ಹಾಡಿಗೆ ನಿಮ್ಮ ಡೋಲು ಹೇಗೆ ಹೊಂದೀತು ಎಂದು ಅವರನ್ನೇ ಕೇಳಬೇಕಾದವರು ಯಾರು?

ಕೊನೆಗೆ ತೊಗಲಿನ ಪ್ರಶ್ನೆ. ಗುಮಟೆಗೆ ಪರಂಪರೆಯಿಂದ ಬಳಸುತ್ತಿದ್ದದ್ದು ಉಡದ ಚರ್ಮ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಉಡವನ್ನು ಕಾಪಾಡಿತು. ಅದರ ಚರ್ಮ ಇಟ್ಟುಕೊಳ್ಳುವುದೂ ಅಪರಾಧ. ಈಗ ಆಡಿನ ತೊಗಲು ಬಳಸುತ್ತಾರೆ. ನಾದ ಮೊದಲಿನಂತಿಲ್ಲವೆಂದು ಹಳಬರು ಮೂಗು ಮುರಿಯುವರಾದರೂ ನಾಲ್ಕು ಗೋಡೆಗಳ ನಡುವೆ, ಕಲ್ಲಿನ ಮಂದಿರದೊಳಗೆ, ಆ ತುಸು ಮಂದವಾದ ದನಿಯೇ ಹಾಡಿಗೆ ಹೆಚ್ಚು ಒಪ್ಪುತ್ತದೆಂದು ನನ್ನ ಎಣಿಕೆ. ತೊಂದರೆಯಿರುವುದು ಮಳೆಗಾಲದಲ್ಲಿ. ನಮ್ಮ ಕಡಲದಂಡೆಯ ಆರ್ದ್ರತೆಗೆ ಆಡಿನ ತೊಗಲು ಸಡಿಲುತ್ತದೆ. ಕೆಂಡದ ಬಳಿ ಹಿಡಿದು ಕಾಯಿಸಬೇಕು, ಪೂಜೆಯ ನಡುವೆ ಎದ್ದುಹೋಗಿ ಕಾಯಿಸಲು ಬಾರದು. ಆದ್ದರಿಂದ ಎರಡು ಮೂರು ಗುಮಟೆಗಳನ್ನಾದರೂ ಸಿದ್ಧವಾಗಿಟ್ಟುಕೊಳ್ಳಬೇಕು. ಕುಂಬಾರನಿಗೆ ಮಾರ್ಚಿಯಲ್ಲಿಯೇ ಹೇಳಿರಬೇಕು; ಮಡಕೆ ಬಿಸಿಲಿನಲ್ಲಿ ಒಣಗಿ ಸುಟ್ಟು ಬರುವಷ್ಟರಲ್ಲಿ ತೊಗಲೂ ಸಿದ್ಧವಿದ್ದರೆ ಏಪ್ರಿಲಿನಲ್ಲಿ ಬಿಗಿದು ಮೇ ತಿಂಗಳ ಬಿಸಿಲು ತೋರಿಸಬಹುದು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಎಚ್ಚೆತ್ತವರಿಗೆ ಆ ವರ್ಷದ ಮೊಂತಿ ಹಬ್ಬಕ್ಕೆ ಕೀಬೋರ್ಡಿನ ಗುಂಡಿಯೇ ಗತಿ.